ಮಕ್ಕಳ ಮೈದಾನಕ್ಕೆ ಗೆರೆ ಹಾಕುವ ರೋಬಾಟ್: ನಮ್ಮ ಕ್ಲಬ್ ತೆಗೆದುಕೊಳ್ಳಬಹುದಾ?

ಪ್ರಶ್ನೆ: ನಾವಿರುವುದು ಅಮೆರಿಕದ ನಾರ್ತ್ ಕೆರೊಲೈನಾದಲ್ಲಿ. ಮಗಳಿಗೆ ಒಂಬತ್ತು ವರ್ಷ, ಊರಿನ ಮಕ್ಕಳ ಸಾಕರ್ ಕ್ಲಬ್ಬಿನಲ್ಲಿ ಆಡುತ್ತಾಳೆ. ಮೈದಾನ ನೋಡಿಕೊಳ್ಳುವ ಜವಾಬ್ದಾರಿ ಈ ವರ್ಷ ನನ್ನದು. ಒಟ್ಟು ಆರು ಮೈದಾನ: ದೊಡ್ಡವರ ಅಳತೆಯದು ಒಂದು, ತಂಡಕ್ಕೆ ಒಂಬತ್ತು ಜನರಂತೆ 9ಕ್ಕೆ 9 ಆಡುವವು ಎರಡು, 7ಕ್ಕೆ 7 ಆಡುವವು ಮೂರು. ಪ್ರತಿ ಶುಕ್ರವಾರ ಸಂಜೆ ನಾಲ್ಕು ಜನ ಪೋಷಕರು ಮೂರು ಗಂಟೆ ಪೇಂಟ್ ಗಾಡಿ ತಳ್ಳುತ್ತೇವೆ. ಆದರೂ ಗೆರೆ ಸೊಟ್ಟ. ಈಗ ಒಂದು ಕಂಪನಿಯವರು ಗೆರೆ ಹಾಕುವ ರೋಬಾಟನ್ನು ವರ್ಷಕ್ಕೆ 11,000 ಡಾಲರಿಗೆ ಲೀಸ್ ಕೊಡುತ್ತೇವೆ ಅಂದಿದ್ದಾರೆ, ಪೇಂಟ್ ಖರ್ಚು ಬೇರೆ. ನನ್ನ ಫೋನಿನ ಜಿಪಿಎಸ್ ನನ್ನನ್ನು ಪಕ್ಕದ ರಸ್ತೆಯಲ್ಲಿ ತೋರಿಸುತ್ತದೆ. ಅದನ್ನೇ ನಂಬಿದ ಯಂತ್ರ ನೇರ ಗೆರೆ ಹೇಗೆ ಹಾಕುತ್ತದೆ? ತೆಗೆದುಕೊಳ್ಳಬಹುದಾ? ಇನ್ನೊಂದು ವಿಷಯ. ತುಮಕೂರು ಕಡೆ ನಾವು ಓದಿದ ಹೈಸ್ಕೂಲಿಗೂ ಇಂಥದ್ದೊಂದು ಕೊಡಿಸೋಣ ಅಂತ ಹಳೆ ವಿದ್ಯಾರ್ಥಿಗಳ ಗುಂಪಿನಲ್ಲಿ ಮಾತು ನಡೆದಿದೆ. ಅದು ಸರಿಯಾ?

ಉತ್ತರ: ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಆರು ಮೈದಾನಕ್ಕೆ ವರ್ಷಪೂರ್ತಿ ಲೀಸನ್ನು ನಿಮ್ಮ ಕ್ಲಬ್ ಒಂಟಿಯಾಗಿ ಹೊರುವುದು ಬೇಡ. ಪಕ್ಕದ ಒಂದೆರಡು ಕ್ಲಬ್ಬಿನ ಜೊತೆಗೋ ಊರಿನ ಪಾರ್ಕ್ ಇಲಾಖೆಯ ಜೊತೆಗೋ ಸೇರಿ ತೆಗೆದುಕೊಳ್ಳಿ. ಅದು ಕೂಡಿಬರದಿದ್ದರೆ, ಸೀಸನ್ ಶುರುವಾಗುವಾಗ ಒಂದು ಸಲ ರೋಬಾಟ್ ಇರುವವರನ್ನು ಕರೆಸಿ ಅಳತೆ ಹಾಕಿಸಿಕೊಳ್ಳಿ. ಆಮೇಲೆ ವಾರವಾರ ಅದೇ ಗೆರೆಯ ಮೇಲೆ ನಿಮ್ಮ ಗಾಡಿ ತಳ್ಳಿದರೆ ಸಾಕು. ತುಮಕೂರಿನ ಶಾಲೆಗೆ ರೋಬಾಟ್ ಬೇಡ. ಅದಕ್ಕಿಂತ ತುಂಬಾ ಕಡಿಮೆ ದುಡ್ಡಿನಲ್ಲಿ ಅಲ್ಲಿಗೆ ನಿಜಕ್ಕೂ ಬೇಕಾದದ್ದನ್ನು ಕೊಡಿಸಬಹುದು.

ನಾನು ಇಲ್ಲಿ ಅಮೆರಿಕದ ಒಂದು ಊರಿನ ಆಟದ ಮೈದಾನಗಳನ್ನು ಹದಿನಾಲ್ಕು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ಮೊದಲ ಎಂಟು ವರ್ಷ ಹಗ್ಗ, ಗೂಟ, ಟೇಪು. ಆಮೇಲೆ ರೋಬಾಟ್ ಬಂತು. ಎರಡನ್ನೂ ಕೈಯಲ್ಲಿ ಹಿಡಿದು ಕೆಲಸ ಮಾಡಿದ್ದರಿಂದ ಹೇಳುತ್ತೇನೆ, ಮಕ್ಕಳ ಮೈದಾನಕ್ಕೆ ಈ ಯಂತ್ರ ನಿಜಕ್ಕೂ ಒಳ್ಳೆಯದು. ಆದರೆ ಮಾರುವವರು ಹೇಳುವ ಕಾರಣಕ್ಕೆ ಅಲ್ಲ. ಅವರು ಗೆರೆ ಎಷ್ಟು ನೇರ, ಎಷ್ಟು ಬೇಗ ಅಂತ ತೋರಿಸುತ್ತಾರೆ. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಅಳತೆ ಹಾಕುವ ಭಯ ಹೋಗುತ್ತದೆ. ಆ ಭಯ ಹೋದ ಮೇಲೆ ಮಕ್ಕಳಿಗೆ ಬೇಕಾದ ಹಾಗೆ ಮೈದಾನವನ್ನು ಬದಲಿಸುವ ಧೈರ್ಯ ಬರುತ್ತದೆ.

ಮಕ್ಕಳ ಮೈದಾನ ಚಿಕ್ಕದು, ಹಾಗಾಗಿ ಗೆರೆ ಹಾಕುವುದು ಸುಲಭ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ನಿಮಗೆ ಈಗಾಗಲೇ ಗೊತ್ತಾಗಿರಬೇಕು, ಅದು ಉಲ್ಟಾ. ದೊಡ್ಡವರ ಮೈದಾನ ಒಂದು ಸಲ ಅಳೆದರೆ ಮುಗಿಯಿತು. ಗೋಲಿನ ಮುಂದೆ 18 ಗಜದ ಪೆನಾಲ್ಟಿ ಪೆಟ್ಟಿಗೆ, 6 ಗಜದ ಗೋಲ್ ಪೆಟ್ಟಿಗೆ, 10 ಗಜ ತ್ರಿಜ್ಯದ ನಡುವಿನ ವೃತ್ತ. ವರ್ಷಗಟ್ಟಲೆ ಅದೇ. ಮಕ್ಕಳದ್ದು ಹಾಗಲ್ಲ. ಅಮೆರಿಕದ ಸಾಕರ್ ಫೆಡರೇಷನ್ 2017ರ ಆಗಸ್ಟಿನಿಂದ ಚಿಕ್ಕ ಮಕ್ಕಳಿಗೆ ಚಿಕ್ಕ ತಂಡ, ಚಿಕ್ಕ ಮೈದಾನ ಅಂತ ಕಡ್ಡಾಯ ಮಾಡಿತು. ಎಂಟರ ಒಳಗಿನವರು 4ಕ್ಕೆ 4 ಆಡುತ್ತಾರೆ, ಗೋಲ್‌ಕೀಪರ್ ಇಲ್ಲ, ಮೈದಾನದ ಉದ್ದ 25ರಿಂದ 35 ಗಜ. ಹತ್ತರ ಒಳಗಿನವರು 7ಕ್ಕೆ 7, ಉದ್ದ 55ರಿಂದ 65 ಗಜ. ಹನ್ನೆರಡರ ಒಳಗಿನವರು 9ಕ್ಕೆ 9, ಉದ್ದ 70ರಿಂದ 80 ಗಜ. ಪೆಟ್ಟಿಗೆ ಬೇರೆ, ವೃತ್ತ ಬೇರೆ, ಗೋಲಿನ ಅಗಲವೂ ಬೇರೆ. ಒಂದೇ ಹುಲ್ಲಿನ ಮೇಲೆ ಈ ವಾರ ಎರಡು ಚಿಕ್ಕ ಮೈದಾನ, ಮುಂದಿನ ವಾರ ಟೂರ್ನಮೆಂಟ್ ಇದ್ದರೆ ಒಂದು ದೊಡ್ಡದು.

ನಿಮ್ಮ ಮಗಳು ಆಡುವ 7ಕ್ಕೆ 7 ಮೈದಾನವನ್ನೇ ನೋಡಿ. ಅದರಲ್ಲಿ ದೊಡ್ಡವರ ಮೈದಾನದಲ್ಲಿ ಇಲ್ಲದ ಒಂದು ಗೆರೆ ಇದೆ, ಬಿಲ್ಡ್-ಔಟ್ ಲೈನ್. ಗೋಲ್‌ಕೀಪರ್ ಕೈಗೆ ಚೆಂಡು ಬಂದಾಗ ಎದುರು ತಂಡದ ಮಕ್ಕಳು ಆ ಗೆರೆಯ ಆಚೆಗೆ ಸರಿಯಬೇಕು. ಆಗ ಈ ಕಡೆಯ ಮಕ್ಕಳು ಗಾಬರಿಯಿಲ್ಲದೆ ಚೆಂಡನ್ನು ಕಾಲಿನಲ್ಲೇ ಪಾಸ್ ಮಾಡುತ್ತಾ ಮುಂದೆ ಹೋಗಲು ಕಲಿಯುತ್ತಾರೆ. ಈ ಗೆರೆ ಪೆನಾಲ್ಟಿ ಪೆಟ್ಟಿಗೆಗೂ ನಡುಗೆರೆಗೂ ಸರಿ ಮಧ್ಯ ಇರಬೇಕು. ಮೈದಾನ 60 ಗಜ ಉದ್ದ ಇದ್ದು ಪೆಟ್ಟಿಗೆ 12 ಗಜ ಇದ್ದರೆ, ಗೋಲ್ ಗೆರೆಯಿಂದ 21 ಗಜಕ್ಕೆ ಬರುತ್ತದೆ. ಆಫ್‌ಸೈಡ್, ಅಂದರೆ ಚೆಂಡಿಗಿಂತ ಮೊದಲೇ ಎದುರು ಗೋಲಿನ ಹತ್ತಿರ ಹೋಗಿ ಕಾಯುವ ತಪ್ಪು, ಅದರ ಲೆಕ್ಕವೂ ಈ ಗೆರೆಯಿಂದಲೇ. ಗೆರೆ ಎರಡು ಗಜ ತಪ್ಪಿದರೆ ಒಂಬತ್ತು ವರ್ಷದ ಮಗುವಿನ ನ್ಯಾಯವಾದ ಗೋಲ್ ರದ್ದಾಗಬಹುದು. ರೆಫರಿ ಕೂಡ ಹದಿನಾಲ್ಕು ಹದಿನೈದರ ಹುಡುಗನೋ ಹುಡುಗಿಯೋ ಆಗಿರುತ್ತಾರೆ. ಅವರಿಗೆ ಆ ಬಿಳಿ ಗೆರೆ ಬಿಟ್ಟರೆ ಬೇರೆ ಆಧಾರ ಏನಿದೆ ಹೇಳಿ? ಹಾಗಾಗಿ ಮಕ್ಕಳ ಗೆರೆ ಒಂದು ಚೂರು ಆಚೀಚೆ ಇದ್ದರೂ ನಡೆಯುತ್ತದೆ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ.

ನಿಮ್ಮ ಗೆರೆ ಸೊಟ್ಟ ಆಗುವುದಕ್ಕೆ ನಿಮ್ಮ ಕೈ ಕಾರಣ ಅಲ್ಲ. ಮೂಲೆ ಕಾರಣ. ಮನೆ ಪಾಯಕ್ಕೆ ಗುರುತು ಹಾಕುವಾಗ ಗಾರೆ ಮೇಸ್ತ್ರಿ ಏನು ಮಾಡುತ್ತಾನೆ ನೆನಪಿಸಿಕೊಳ್ಳಿ. ಒಂದು ಕಡೆ ಮೂರು ಅಡಿ, ಇನ್ನೊಂದು ಕಡೆ ನಾಲ್ಕು ಅಡಿ ಗುರುತು ಮಾಡಿ, ಅಡ್ಡಕ್ಕೆ ಐದು ಅಡಿ ಬರುತ್ತದಾ ಅಂತ ನೋಡುತ್ತಾನೆ. ಬಂದರೆ ಮೂಲೆಮಟ್ಟ ಸರಿ. ಮೈದಾನದಲ್ಲೂ ಅದೇ, ಆದರೆ 30, 40, 50 ಅಡಿ ಇಟ್ಟುಕೊಳ್ಳಬೇಕು. ತ್ರಿಕೋನ ಚಿಕ್ಕದಾದಷ್ಟೂ ತಪ್ಪು ದೊಡ್ಡದಾಗುತ್ತದೆ. ಮೂಲೆ ಒಂದೇ ಒಂದು ಡಿಗ್ರಿ ತಪ್ಪಿದರೂ 60 ಗಜದ ಆಚೆ ತುದಿ ಸುಮಾರು ಒಂದು ಗಜ ಪಕ್ಕಕ್ಕೆ ಹೋಗಿರುತ್ತದೆ. ಈ ಶುಕ್ರವಾರವೇ ಒಂದು ಕೆಲಸ ಮಾಡಿ. ನಿಮ್ಮ ಮೈದಾನದ ಎರಡು ಕರ್ಣ ಅಳೆಯಿರಿ. 60ಕ್ಕೆ 40 ಗಜದ ಮೈದಾನವಾದರೆ ಎರಡೂ 72 ಗಜ 4 ಇಂಚು ಇರಬೇಕು. ಒಂದು ಜಾಸ್ತಿ, ಇನ್ನೊಂದು ಕಡಿಮೆ ಬಂದರೆ ಮೈದಾನ ಓರೆಯಾಗಿದೆ ಅಂತ ಅರ್ಥ. ಎಷ್ಟು ಹುಷಾರಾಗಿ ಗಾಡಿ ತಳ್ಳಿದರೂ ಆ ಓರೆ ಸರಿಯಾಗುವುದಿಲ್ಲ, ಮೂಲೆಯನ್ನೇ ಮತ್ತೆ ಹಾಕಬೇಕು.

ಈಗ ರೋಬಾಟ್ ಹೇಗೆ ದಾರಿ ಹಿಡಿಯುತ್ತದೆ ಅನ್ನುವ ಪ್ರಶ್ನೆ. ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಫೋನಿನ ಜಿಪಿಎಸ್ ತೆರೆದ ಬಯಲಿನಲ್ಲೂ ಮೂರ್ನಾಲ್ಕು ಮೀಟರ್ ಆಚೀಚೆ ಹೇಳುತ್ತದೆ. ಉಪಗ್ರಹ ಇರುವುದು ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿಂದ ಬರುವ ಸಿಗ್ನಲ್ ವಾತಾವರಣ ದಾಟುವಾಗ ಚೂರು ತಡವಾಗುತ್ತದೆ, ಆ ತಡ ಗಳಿಗೆಗೊಂದು ರೀತಿ. ರೋಬಾಟ್ ಇದನ್ನು ಸರಿಮಾಡಿಕೊಳ್ಳುವ ಉಪಾಯಕ್ಕೆ ಆರ್‌ಟಿಕೆ ಅನ್ನುತ್ತಾರೆ. ಊರ ಗಡಿಯಾರದ ಉದಾಹರಣೆ ಕೊಡುತ್ತೇನೆ. ಗಡಿಯಾರ ತಪ್ಪು ಸಮಯ ತೋರಿಸುತ್ತಿದೆ. ಆದರೆ ನಿಮ್ಮ ಅಣ್ಣನ ಕೈಯಲ್ಲಿ ಸರಿಯಾದ ವಾಚ್ ಇದೆ. ಅವನು ಗಡಿಯಾರ ನೋಡಿ, ಈಗ ಐದು ನಿಮಿಷ ಮುಂದಿದೆ ಅಂತ ಫೋನ್ ಮಾಡಿ ಹೇಳುತ್ತಾನೆ. ಊರಿನ ಇನ್ನೊಂದು ಮೂಲೆಯಲ್ಲಿ ಅದೇ ಗಡಿಯಾರ ನೋಡುತ್ತಿರುವ ನೀವು ಐದು ನಿಮಿಷ ಕಳೆದುಕೊಂಡರೆ ಆಯಿತು. ಇಲ್ಲಿ ಅಣ್ಣ ಅಂದರೆ ಬೇಸ್ ಸ್ಟೇಷನ್. ಮೈದಾನದ ಪಕ್ಕ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ, ಇಲ್ಲವೇ ಕಟ್ಟಡದ ಚಾವಣಿಯಲ್ಲಿ ಅಲುಗಾಡದೆ ಕೂತಿರುತ್ತದೆ. ತಾನು ಎಲ್ಲಿದ್ದೇನೆ ಅಂತ ಅದಕ್ಕೆ ಗೊತ್ತು. ಉಪಗ್ರಹ ಹೇಳುವುದರಲ್ಲಿ ಎಷ್ಟು ತಪ್ಪಿದೆ ಅಂತ ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ ರೋಬಾಟಿಗೆ ರೇಡಿಯೊ ಅಥವಾ ಮೊಬೈಲ್ ನೆಟ್‌ವರ್ಕ್ ಮೂಲಕ ಹೇಳುತ್ತಿರುತ್ತದೆ.

ಇದರ ಜೊತೆ ಇನ್ನೊಂದು ಸೂಕ್ಷ್ಮ ಇದೆ. ಫೋನಿನ ಹಾಗೆ ಬರೀ ಸಂದೇಶದ ಸಮಯ ನೋಡಿ ಸುಮ್ಮನಾಗದೆ, ರೋಬಾಟು ಸಿಗ್ನಲ್ಲಿನ ಅಲೆಗಳನ್ನೇ ಎಣಿಸುತ್ತದೆ. ಆ ಒಂದು ಅಲೆಯ ಉದ್ದ ಸುಮಾರು 19 ಸೆಂಟಿಮೀಟರ್. ಪೂರ್ತಿ ಅಲೆಗಳು ಎಷ್ಟು ಅಂತ ಲೆಕ್ಕ ಸಿಕ್ಕಿದರೆ, ಉಳಿದ ಚೂರನ್ನು ಅಳೆದು ಒಂದೆರಡು ಸೆಂಟಿಮೀಟರಿನೊಳಗೆ ಜಾಗ ಹೇಳುತ್ತದೆ. ಲೆಕ್ಕ ಸಿಕ್ಕಾಗ ಟ್ಯಾಬ್ಲೆಟ್ ಪರದೆಯಲ್ಲಿ ಫಿಕ್ಸ್ ಅಂತ ಬರುತ್ತದೆ. ಸಿಗದಿದ್ದಾಗ ಫ್ಲೋಟ್ ಅಂತ ಬರುತ್ತದೆ. ಈ ಎರಡು ಪದ ನೆನಪಿಡಿ. ಫ್ಲೋಟ್ ಇದ್ದಾಗ ಒಂದು ಹನಿ ಪೇಂಟೂ ಬೀಳಬಾರದು. ಆಗ ತಪ್ಪು ಒಂದು ಗೇಣಿನಷ್ಟೂ ಇರಬಹುದು, ಅದಕ್ಕಿಂತ ಜಾಸ್ತಿಯೂ ಇರಬಹುದು.

ಫಿಕ್ಸ್ ಹೋಗುವುದು ಯಾವಾಗ? ಸಾಮಾನ್ಯವಾಗಿ ಮರದ ಪಕ್ಕ. ನಿಮ್ಮ ಕಡೆ ಮೈದಾನದ ಅಂಚಿಗೆ ಎತ್ತರದ ಪೈನ್ ಮರಗಳಿರುತ್ತವೆ ಅಲ್ವಾ, ಅಲ್ಲೇ ತೊಂದರೆ. ಅರ್ಧ ಆಕಾಶ ಮುಚ್ಚಿಹೋಗುತ್ತದೆ. ಕಬ್ಬಿಣದ ಗ್ಯಾಲರಿ, ಲೋಹದ ಚಾವಣಿ ಇದ್ದರೆ ಸಿಗ್ನಲ್ ಅದಕ್ಕೆ ಬಡಿದು ಸುತ್ತಿಬಳಸಿ ಬರುತ್ತದೆ, ಅದೂ ತಪ್ಪು ಹೇಳಿಸುತ್ತದೆ. ಒಂದೆರಡು ಗಂಟೆ ಬಿಟ್ಟು ಬಂದರೆ ಉಪಗ್ರಹಗಳ ಜಾಗ ಬದಲಾಗಿ ಕೆಲಸ ಸರಾಗ ಆಗುವುದೂ ಉಂಟು. ಅಪರೂಪಕ್ಕೆ ಸೂರ್ಯನೇ ಅಡ್ಡ ಬರುತ್ತಾನೆ. 2024ರ ಮೇ 10, 11ರ ಸೌರ ಚಂಡಮಾರುತದಲ್ಲಿ ಅಮೆರಿಕದ ಮಧ್ಯಪಶ್ಚಿಮದ ರೈತರು ಬಿತ್ತನೆ ನಡುವೆಯೇ ಟ್ರ್ಯಾಕ್ಟರ್ ನಿಲ್ಲಿಸಬೇಕಾಯಿತು. ಆ ಟ್ರ್ಯಾಕ್ಟರುಗಳೂ ಇದೇ ತಂತ್ರದಲ್ಲಿ ಸಾಲು ಹಿಡಿಯುವುದು. ಬೆಂಗಳೂರಿನ ಖಭೌತ ಸಂಸ್ಥೆಯ ದೂರದರ್ಶಕ ಇರುವ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿ ಕಂಡದ್ದು ಅದೇ ಹೊತ್ತಿಗೆ.

ಆದರೆ ನಾನು ಪಟ್ಟ ದೊಡ್ಡ ಪಾಡಿಗೆ ಮರವೂ ಕಾರಣ ಅಲ್ಲ, ಸೂರ್ಯನೂ ಅಲ್ಲ. ಬೇಸ್ ಸ್ಟೇಷನ್ನು. ರೋಬಾಟ್ ಬಂದ ಮೊದಲ ವಸಂತದಲ್ಲಿ ನಾವು ಸ್ಟ್ಯಾಂಡನ್ನು ಪ್ರತಿ ವಾರ ಒಂದೇ ಗುರುತಿನ ಮೇಲೆ ಇಡಬೇಕು ಅನ್ನುವುದನ್ನು ಸರಿಯಾಗಿ ತಿಳಿದುಕೊಂಡಿರಲಿಲ್ಲ. ಒಂದು ವಾರ ಯಾರೋ ಅದನ್ನು ಹಳೆ ಜಾಗದಿಂದ ಒಂದು ಹೆಜ್ಜೆ ಆಚೆ ಇಟ್ಟರು. ತಾನು ಹಳೆ ಜಾಗದಲ್ಲೇ ಇದ್ದೇನೆ ಅಂತ ಬೇಸ್ ಹೇಳಿತು, ರೋಬಾಟ್ ಅದನ್ನು ನಂಬಿತು. ಇಡೀ ಮೈದಾನ ಅಷ್ಟೇ ದೂರ ಸರಿದು ಬಂತು. ಗೆರೆ ಎಲ್ಲ ನೇರ, ಮೂಲೆ ಎಲ್ಲ ಸರಿ, ಪರದೆಯಲ್ಲಿ ಫಿಕ್ಸ್. ಹಳೆ ಗೆರೆಯ ಪಕ್ಕದಲ್ಲೇ ಹೊಸ ಗೆರೆ. ಶನಿವಾರ ಬೆಳಗ್ಗೆ ಎಂಟಕ್ಕೆ ಮಕ್ಕಳು ಬಂದಾಗ ಮೈದಾನದ ತುಂಬಾ ಜೋಡಿ ಗೆರೆ. ಆರು ವರ್ಷದ ಒಬ್ಬ ಹುಡುಗ ಯಾವ ಗೆರೆ ಒಳಗೆ ಆಡಬೇಕು ಅಂತ ಕೇಳಿದ. ಆ ಪ್ರಶ್ನೆ ಈಗಲೂ ಕಿವಿಯಲ್ಲಿದೆ. ಹಸಿರು ಪೇಂಟ್ ತಂದು ಹಳೆ ಗೆರೆ ಮುಚ್ಚುವಷ್ಟರಲ್ಲಿ ಮೊದಲ ಆಟ ಅರ್ಧ ಮುಗಿದಿತ್ತು. ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿ. ಬೇಸ್ ಇಡುವ ಜಾಗದಲ್ಲಿ ಕಾಂಕ್ರೀಟಿನಲ್ಲಿ ಹಿತ್ತಾಳೆ ಮೊಳೆ ಕೂರಿಸಿದ್ದೇವೆ. ಗೆರೆ ಶುರುಮಾಡುವ ಮೊದಲು ರೋಬಾಟನ್ನು ಪೇಂಟ್ ಇಲ್ಲದೆ ಒಂದು ಮೂಲೆಗೆ ಓಡಿಸಿ, ಅದರ ಮೂಗು ಹಳೆ ಮೂಲೆಯ ಮೇಲೆ ನಿಂತಿತಾ ಅಂತ ಕಣ್ಣಾರೆ ನೋಡುತ್ತೇವೆ. ಎರಡು ನಿಮಿಷದ ಕೆಲಸ. ನೀವು ಯಾವ ಯಂತ್ರ ತಂದರೂ ಇದನ್ನು ಬಿಡಬೇಡಿ.

ಇಳಿಜಾರಿನ ಬಗ್ಗೆ ಒಂದು ಮಾತು. ನೀರು ಹರಿದುಹೋಗಲಿ ಅಂತ ಮೈದಾನ ಚೂರು ಓರೆ ಇರುತ್ತದೆ. ರೋಬಾಟಿನ ಆಂಟೆನಾ ನೆಲದಿಂದ ಒಂದು ಮೀಟರ್ ಮೇಲಿದೆ ಅಂದುಕೊಳ್ಳಿ, ಇಳಿಜಾರು ನೂರಕ್ಕೆ ಎರಡು. ಆಗ ಆಂಟೆನಾಗೂ ಕೆಳಗಿನ ಪೇಂಟ್ ನಳಿಕೆಗೂ 2 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಒಳ್ಳೆಯ ಯಂತ್ರಗಳಲ್ಲಿ ಓರೆ ಅಳೆದು ಸರಿಮಾಡುವ ಸೆನ್ಸರ್ ಇರುತ್ತದೆ. ನಿಮಗೆ ತೋರಿಸುತ್ತಿರುವುದರಲ್ಲಿ ಇದೆಯಾ ಅಂತ ಕೇಳಿ.

ಮೈದಾನ ಬದಲಿಸುವ ಧೈರ್ಯ ಅಂದೆನಲ್ಲ, ಅದಕ್ಕೆ ಬರುತ್ತೇನೆ. ನಿಮ್ಮ ಮೂರು 7ಕ್ಕೆ 7 ಮೈದಾನಗಳ ಗೋಲಿನ ಮುಂದೆ ಹೋಗಿ ನಿಂತು ನೋಡಿ. ಹುಲ್ಲು ಇರುವುದಿಲ್ಲ. ಮಕ್ಕಳೆಲ್ಲ ಚೆಂಡಿನ ಹಿಂದೆ ಗುಂಪಾಗಿ ಅಲ್ಲಿಗೇ ಬರುತ್ತಾರೆ. ಮಳೆ ಬಂದರೆ ಕೆಸರು, ಬಿಸಿಲು ಬಂದರೆ ಸಿಮೆಂಟಿನಂಥ ನೆಲ. ಗೋಲ್‌ಕೀಪರ್ ಬೀಳುವುದು ಆ ನೆಲದ ಮೇಲೆಯೇ. ಇದಕ್ಕೆ ಎಲ್ಲರಿಗೂ ಗೊತ್ತಿರುವ ಮದ್ದು, ಮೈದಾನವನ್ನು ನಾಲ್ಕೈದು ಗಜ ಪಕ್ಕಕ್ಕೆ ಸರಿಸುವುದು. ಹಳೆ ಜಾಗಕ್ಕೆ ಎರಡು ತಿಂಗಳು ಬಿಡುವು ಕೊಟ್ಟರೆ ಸಾಕು, ನಿಮ್ಮ ಕಡೆಯ ಬರ್ಮುಡಾ ಹುಲ್ಲು ಬೇಸಿಗೆಯಲ್ಲಿ ತಾನಾಗಿಯೇ ಹಬ್ಬಿಕೊಳ್ಳುತ್ತದೆ. ಅದು ಬೇರೇನೂ ಅಲ್ಲ, ನಮ್ಮ ಗರಿಕೆಯ ಜಾತಿ. ಗಣಪತಿಗೆ ಏರಿಸುವ ಗರಿಕೆ ಎಷ್ಟು ಕಿತ್ತರೂ ಹೇಗೆ ಮತ್ತೆ ಚಿಗುರುತ್ತದೋ ಹಾಗೆ.

ಮದ್ದು ಗೊತ್ತಿದ್ದರೂ ಯಾರೂ ಮಾಡುವುದಿಲ್ಲ. ಮೈದಾನ ಸರಿಸುವುದು ಅಂದರೆ ಮತ್ತೆ ಹಗ್ಗ, ಮತ್ತೆ ಮೂಲೆ, ಇಡೀ ಶನಿವಾರ ಹೋಗುತ್ತದೆ. ನಾನೂ ಎಂಟು ವರ್ಷ ಮಾಡಲಿಲ್ಲ. ರೋಬಾಟ್ ಬಂದ ಮೇಲೆ ಟ್ಯಾಬ್ಲೆಟ್ಟಿನಲ್ಲಿ ಮೈದಾನದ ಚಿತ್ರ ಹಿಡಿದು ನಾಲ್ಕು ಗಜ ಪಕ್ಕಕ್ಕೆ ಎಳೆದರೆ ಆಯಿತು. ಈಗ ಪ್ರತಿ ಸೀಸನ್ನಿಗೆ ಒಂದು ಸಲ ಸರಿಸುತ್ತೇವೆ. ಗೋಲಿನ ಮುಂದೆ ಹುಲ್ಲು ಉಳಿದಿದೆ. ಈ ಯಂತ್ರದಿಂದ ನಮ್ಮ ಮಕ್ಕಳಿಗೆ ಸಿಕ್ಕ ದೊಡ್ಡ ಲಾಭ ಇದೇ ಅಂತ ನಾನು ನಂಬುತ್ತೇನೆ. ಯಾವ ಕಂಪನಿಯ ಜಾಹೀರಾತಿನಲ್ಲೂ ನಾನಿದನ್ನು ನೋಡಿಲ್ಲ.

ಇನ್ನು ದುಡ್ಡಿನ ಲೆಕ್ಕ. ದೊಡ್ಡ ಮೈದಾನ 110ಕ್ಕೆ 70 ಗಜ ಇದ್ದರೆ ಅದರ ಗೆರೆಗಳ ಒಟ್ಟು ಉದ್ದ ಸುಮಾರು 700 ಮೀಟರ್. ಚಿಕ್ಕವು ಒಂದೊಂದು 450ರ ಮೇಲೆ. ನಿಮ್ಮ ಆರೂ ಸೇರಿದರೆ ವಾರಕ್ಕೆ ಸರಿಸುಮಾರು 3 ಕಿಲೋಮೀಟರ್ ಗೆರೆ. ವಸಂತದಲ್ಲಿ ಹತ್ತು ವಾರ, ಶರತ್ಕಾಲದಲ್ಲಿ ಹತ್ತು ವಾರ ಅಂದರೆ 60 ಕಿಲೋಮೀಟರ್. ಬೆಂಗಳೂರಿನಿಂದ ಚನ್ನಪಟ್ಟಣದವರೆಗೆ ಪೇಂಟ್ ಗಾಡಿ ತಳ್ಳಿದ ಹಾಗೆ! ನಾಲ್ಕು ಜನ ಮೂರು ಗಂಟೆಯಂತೆ ವರ್ಷಕ್ಕೆ 240 ಗಂಟೆ ನಿಮ್ಮ ಪೋಷಕರದ್ದು ಹೋಗುತ್ತಿದೆ. ರೋಬಾಟ್ ಇದ್ದರೆ ನನ್ನ ಅನುಭವದಲ್ಲಿ ದೊಡ್ಡದಕ್ಕೆ ಅರ್ಧ ಗಂಟೆ, ಚಿಕ್ಕದಕ್ಕೆ ಇಪ್ಪತ್ತು ನಿಮಿಷ. ಪೇಂಟ್ ತುಂಬುವುದು, ಮೈದಾನದಿಂದ ಮೈದಾನಕ್ಕೆ ಹೋಗುವುದು ಸೇರಿ ಒಬ್ಬರಿಗೆ ಮೂರು ಗಂಟೆ. ವರ್ಷಕ್ಕೆ 60. ಉಳಿಯುವುದು 180 ಗಂಟೆ. 11,000 ಡಾಲರನ್ನು ಅದಕ್ಕೆ ಹಂಚಿದರೆ ಗಂಟೆಗೆ 61 ಡಾಲರ್ ಬೀಳುತ್ತದೆ. ಮಕ್ಕಳ ಫೀಸಿನಿಂದ ನಡೆಯುವ ಕ್ಲಬ್ಬಿಗೆ ಇದು ಜಾಸ್ತಿ. ಅದೇ ಯಂತ್ರವನ್ನು ಮೂರು ಕ್ಲಬ್ಬು ಹಂಚಿಕೊಂಡರೆ ಗಂಟೆಗೆ 20 ಡಾಲರ್ ಆಯಿತು, ಆಗ ನಾನು ಧೈರ್ಯವಾಗಿ ತೆಗೆದುಕೊಳ್ಳಿ ಅನ್ನುತ್ತೇನೆ. ಹನ್ನೆರಡು ಹದಿನೈದು ಮೈದಾನ ಇರುವ ಕ್ಲಬ್ಬಾದರೆ ಒಂಟಿಯಾಗಿಯೇ ತೆಗೆದುಕೊಳ್ಳಬಹುದು. ನಿಮ್ಮ ಊರಿನ ಪಾರ್ಕ್ ಇಲಾಖೆಯವರ ಹತ್ತಿರ ಈಗಾಗಲೇ ಇದೆಯಾ ಅಂತಲೂ ವಿಚಾರಿಸಿ. ವಾರದ ನಡುವೆ ಅವರ ಯಂತ್ರ ಸುಮ್ನೆ ನಿಂತಿರಬಹುದು.

ಪೇಂಟ್ ಅರ್ಧಕ್ಕರ್ಧ ಉಳಿಯುತ್ತದೆ ಅಂತ ಮಾರುವವರು ಹೇಳುತ್ತಾರೆ. ನಮಗೆ ಅಷ್ಟು ಉಳಿಯಲಿಲ್ಲ. ರೋಬಾಟ್ ಸಣ್ಣ ನಳಿಕೆಯಲ್ಲಿ ಒಂದೇ ಸಮ ಸಿಂಪಡಿಸುವುದರಿಂದ ಉಳಿತಾಯ ಇದೆ, ನಿಜ. ಆದರೆ ಅದನ್ನು ನಂಬಿ ಬಜೆಟ್ ಮಾಡಬೇಡಿ. ಹುಲ್ಲು ಬೆಳೆಯುತ್ತದೆ, ಪೇಂಟ್ ಬಿದ್ದ ತುದಿಯನ್ನು ಕಟಾವು ಯಂತ್ರ ಕತ್ತರಿಸಿ ಹಾಕುತ್ತದೆ. ರೋಬಾಟ್ ಹಾಕಿದರೂ ಕೈಯಲ್ಲಿ ಹಾಕಿದರೂ ಗೆರೆ ಮಾಸುವ ವೇಗ ಒಂದೇ. ಹುಲ್ಲು ಕತ್ತರಿಸಿದ ಮೇಲೆ, ಇಬ್ಬನಿ ಆರಿದ ಮೇಲೆ ಗೆರೆ ಹಾಕಿದರೆ ಬಾಳಿಕೆ ಬರುತ್ತದೆ. ಕೆಲಸ ಮುಗಿದ ತಕ್ಷಣ ನಳಿಕೆ, ಪಂಪು, ಕೊಳವೆ ಎಲ್ಲವನ್ನೂ ನೀರಿನಲ್ಲಿ ತೊಳೆಯಬೇಕು. ನಮ್ಮಲ್ಲಿ ನಿಂತುಹೋದ ಶುಕ್ರವಾರಗಳಲ್ಲಿ ಹೆಚ್ಚಿನವು ಹಿಂದಿನ ವಾರ ತೊಳೆಯದೆ ಬಿಟ್ಟ ನಳಿಕೆಯಿಂದಲೇ ಆದವು.

ಯಂತ್ರವನ್ನು ಒಂಟಿಯಾಗಿ ಬಿಟ್ಟು ಕಾಫಿಗೆ ಹೋಗುವ ಹಾಗಿಲ್ಲ. ನಡೆಯುವ ವೇಗದಲ್ಲಿ ಅದು ಹೋಗುತ್ತಿರುತ್ತದೆ, ಮಕ್ಕಳಿಗೆ ಕುತೂಹಲ, ಹತ್ತಿರ ಓಡಿಬರುತ್ತಾರೆ. ಕೈಗೆಟುಕುವ ದೂರದಲ್ಲಿ ದೊಡ್ಡವರು ಒಬ್ಬರು ಇರಲೇಬೇಕು, ನಿಲ್ಲಿಸುವ ಗುಂಡಿ ಎಲ್ಲಿದೆ ಅಂತ ಅವರಿಗೆ ಗೊತ್ತಿರಬೇಕು. ಇನ್ನೊಂದು ಗಂಭೀರ ವಿಷಯ ಗೋಲ್ ಕಂಬ. ಮೈದಾನ ಸರಿಸುವುದು ಸುಲಭ ಆದಾಗ ಗೋಲುಗಳೂ ಪದೇಪದೇ ಜಾಗ ಬದಲಿಸುತ್ತವೆ. ಸರಿಸಿದ ಮೇಲೆ ಅವುಗಳನ್ನು ನೆಲಕ್ಕೆ ಬಿಗಿಯಾಗಿ ಊರದೆ ಬಿಟ್ಟರೆ ಮಗಚಿ ಬೀಳುತ್ತವೆ. ಹಾಗೆ ಬಿದ್ದು ಮಕ್ಕಳು ಸತ್ತಿದ್ದಾರೆ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಈ ಒಂದು ವಿಷಯಕ್ಕೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿದೆ. ನಮ್ಮಲ್ಲಿ ನಿಯಮ ಇಷ್ಟೇ: ಗೆರೆ ಹಾಕಿದವರೇ ಎಲ್ಲ ಗೋಲುಗಳನ್ನೂ ಕೈಯಿಂದ ಜಗ್ಗಿ ನೋಡಿ ಮನೆಗೆ ಹೋಗಬೇಕು.

ಕಂಪನಿಯವರು ಡೆಮೊ ಕೊಡುತ್ತೇವೆ ಅಂದರೆ ಒಪ್ಪಿಕೊಳ್ಳಿ. ಆದರೆ ನಿಮ್ಮ ಅತ್ಯಂತ ಕೆಟ್ಟ ಮೈದಾನಕ್ಕೆ ಕರೆಯಿರಿ. ಪೈನ್ ಮರದ ಪಕ್ಕದ್ದು, ಇಳಿಜಾರಿನದು. ಟೇಪು ನೀವೇ ಹಿಡಿಯಿರಿ. ಎರಡು ಕರ್ಣ ಅಳೆಯಿರಿ. ವೃತ್ತ ಶುರುವಾದ ಜಾಗದಲ್ಲೇ ಬಂದು ಕೂಡಿಕೊಂಡಿತಾ ನೋಡಿ. ಆಟದ ನಿಯಮದಲ್ಲಿ ಗೆರೆ ಅದು ಸುತ್ತುವರಿದ ಜಾಗಕ್ಕೇ ಸೇರಿದ್ದು, ಹಾಗಾಗಿ ಅಳತೆ ಹೊರ ಅಂಚಿನಿಂದ ಬರಬೇಕು. ನಳಿಕೆ ಗೆರೆಯ ನಡುಮಧ್ಯ ಹೋಗುತ್ತದೆ. ಯಂತ್ರದ ಲೆಕ್ಕದಲ್ಲಿ ಗೆರೆಯ ಅರ್ಧ ಅಗಲ ಕಳೆದಿದ್ದಾರಾ ಅಂತ ಟೇಪು ಇಟ್ಟರೆ ಗೊತ್ತಾಗುತ್ತದೆ. ಆಮೇಲೆ ಒಪ್ಪಂದದ ಪ್ರಶ್ನೆಗಳು. ಬೇರೆಯವರ ಪೇಂಟ್ ಹಾಕಬಹುದಾ, ಇಲ್ಲ ಅವರದ್ದೇ ಕೊಳ್ಳಬೇಕಾ? ಸೀಸನ್ ನಡುವೆ ಕೆಟ್ಟರೆ ಬದಲಿ ಯಂತ್ರ ಎಷ್ಟು ದಿನದಲ್ಲಿ ಬರುತ್ತದೆ? ಲೀಸ್ ನಿಲ್ಲಿಸಿದರೆ ನಿಮ್ಮ ಮೈದಾನಗಳ ಅಳತೆ ನಿಮ್ಮ ಕೈಗೆ ಕೊಡುತ್ತಾರಾ? ಉತ್ತರಗಳನ್ನು ಬರೆದು ಕೊಡಲಿ. ಈ ಕ್ಷೇತ್ರದಲ್ಲಿ ಆಯ್ಕೆ ಇದೆ. ಟರ್ಫ್ ಟ್ಯಾಂಕ್, ಟೈನಿಮೊಬೈಲ್‌ರೋಬಾಟ್ಸ್ ಎರಡೂ ಡೆನ್ಮಾರ್ಕ್ ಮೂಲದವು, ಸ್ವೋಜಿ ಸ್ವಿಟ್ಜರ್ಲೆಂಡಿನದು, ಫ್ಲೀಟ್ ಇಂಗ್ಲೆಂಡಿನದು. ಕನಿಷ್ಠ ಎರಡು ಯಂತ್ರ ನೋಡಿ. ಕ್ಲಬ್ಬಿನಲ್ಲಿ ಮೂವರಾದರೂ ಅದನ್ನು ಓಡಿಸಲು ಕಲಿಯಲಿ. ಒಬ್ಬರಿಗೇ ಗೊತ್ತಿದ್ದರೆ ಅವರು ಊರಿಗೆ ಹೋದ ವಾರ ಗೆರೆ ಇರುವುದಿಲ್ಲ.

ಈಗ ತುಮಕೂರಿನ ಶಾಲೆ. ನಿಮ್ಮ ಗುಂಪಿನ ಮನಸ್ಸು ದೊಡ್ಡದು, ಅದಕ್ಕೇ ನೇರವಾಗಿ ಹೇಳುತ್ತೇನೆ. ಈ ಯಂತ್ರ ಹುಲ್ಲಿಗೆ ಮಾಡಿದ್ದು. ದ್ರವ ಪೇಂಟ್ ಹುಲ್ಲಿನ ಎಲೆಗೆ ಅಂಟಿ ನಿಲ್ಲುತ್ತದೆ. ನಮ್ಮ ಕಡೆಯ ಶಾಲೆ ಮೈದಾನ ಕೆಮ್ಮಣ್ಣು, ಜಲ್ಲಿ. ಸಡಿಲ ಮಣ್ಣಿನ ಮೇಲೆ ಹಾಕಿದ ಪೇಂಟು ಎರಡು ಪಿರಿಯಡ್ ಖೋಖೋ ಆಡುವಷ್ಟರಲ್ಲಿ ಮಕ್ಕಳ ಕಾಲಿಗೆ ಸಿಕ್ಕಿ ಮಾಯ. ರಿಪೇರಿಗೆ ಜನ ಇಲ್ಲ, ಬಿಡಿಭಾಗ ಇಲ್ಲ. ಒಂದು ವರ್ಷದಲ್ಲಿ ಅದು ಬೀರುವಿನ ಪಕ್ಕ ಧೂಳು ಹಿಡಿದು ಕೂರುತ್ತದೆ.

ಅಲ್ಲಿ ತುರ್ತಾಗಿ ಬದಲಾಗಬೇಕಾದದ್ದು ಸುಣ್ಣ. ನಾನು ಓದಿದ ಶಾಲೆಯಲ್ಲೂ ಸುಣ್ಣದ ಪುಡಿಯಲ್ಲೇ ಗೆರೆ. ಕಬಡ್ಡಿಯಲ್ಲಿ ಮೊಣಕಾಲು ತರಚಿದ ನನ್ನ ಗೆಳೆಯ ಅದೇ ಗೆರೆಯ ಮೇಲೆ ಬಿದ್ದ. ಗಾಯ ಸುಟ್ಟಂತಾಗಿ ವಾರಗಟ್ಟಲೆ ಮಾಯಲಿಲ್ಲ. ಆಗ ಯಾಕೆ ಅಂತ ಗೊತ್ತಾಗಲಿಲ್ಲ. ಅರಳಿಸಿದ ಸುಣ್ಣ ತೀಕ್ಷ್ಣವಾದ ಕ್ಷಾರ, ಬೆವರು ತಾಗಿದ ಚರ್ಮವನ್ನು ಸುಡುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಅದರ ಬದಲು ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಬಳಸಬೇಕು, ಅಂದರೆ ನುಣ್ಣನೆಯ ಮಾರ್ಬಲ್ ಪುಡಿ. ಅಷ್ಟೇ ಬಿಳಿ, ಚರ್ಮ ಸುಡುವುದಿಲ್ಲ. ಒಂದು ವರ್ಷಕ್ಕೆ ಬೇಕಾದಷ್ಟು ಮೂಟೆ ಕೊಡಿಸಿ. ಜೊತೆಗೆ ಪುಡಿ ಉದುರಿಸುವ ಚಕ್ರದ ಗಾಡಿ ಒಂದು, 50 ಮೀಟರಿನ ಒಳ್ಳೆಯ ಟೇಪು ಎರಡು, ಹಿಗ್ಗದ ಹಗ್ಗ. ಪುಡಿ ಹಾಕುವವರಿಗೆ ಮೂಗು ಮುಚ್ಚಲು ಮಾಸ್ಕ್.

ಆಮೇಲೆ ರೋಬಾಟಿನ ಅಸಲಿ ಗುಣವನ್ನು ಆ ಶಾಲೆಗೆ ಕಡಿಮೆ ಖರ್ಚಿನಲ್ಲಿ ಕೊಡಬಹುದು. ಅದರ ಗುಣ ಏನು? ಮೂಲೆಗಳು ಎಲ್ಲಿವೆ ಅಂತ ಮರೆಯದೆ ಇರುವುದು. ಹೊಲದಲ್ಲಿ ಸರ್ವೆಯವರು ಬಾಂದುಕಲ್ಲು ಹಾಕುವುದು ಇದಕ್ಕೇ ಅಲ್ವಾ? ಖೋಖೋ ಅಂಕಣ 27ಕ್ಕೆ 16 ಮೀಟರ್, ಕಬಡ್ಡಿ ಅಂಕಣ ಗಂಡಸರಿಗೆ 13ಕ್ಕೆ 10, ಹೆಂಗಸರಿಗೆ 12ಕ್ಕೆ 8. ಒಂದು ರಜಾ ದಿನ ಸರಿಯಾಗಿ ಅಳೆದು, ಪ್ರತಿ ಮೂಲೆಯಲ್ಲೂ ಒಂದು ಅಡಿ ಉದ್ದದ ಪಿವಿಸಿ ಪೈಪು ಹೂತುಬಿಡಿ. ಕಲ್ಲು ಬೇಡ, ಕಬ್ಬಿಣವೂ ಬೇಡ. ಪೈಪಿನ ಬಾಯಿ ನೆಲಕ್ಕಿಂತ ನಾಲ್ಕು ಬೆರಳು ಕೆಳಗೆ ಇರಲಿ, ಬಾಯಿಗೆ ಮುಚ್ಚಳ ಇರಲಿ, ಮೇಲೆ ಮಣ್ಣು ಮುಚ್ಚಲಿ, ಮಕ್ಕಳ ಕಾಲಿಗೆ ಸಿಗಬಾರದು. ಗೆರೆ ಹಾಕುವ ದಿನ ಮಣ್ಣು ಕೆದಕಿ, ಪೈಪಿನೊಳಗೆ ಗೂಟ ಇಳಿಸಿ ಹಗ್ಗ ಕಟ್ಟಿದರೆ ಅಂಕಣ ಸಿದ್ಧ. ಅಳೆಯುವ ಕೆಲಸವೇ ಇಲ್ಲ.

ಓಟದ ಟ್ರ್ಯಾಕಿಗೂ ಹೀಗೇ ಮಾಡಿ. ಎರಡು ತಿರುವುಗಳ ಕೇಂದ್ರದಲ್ಲಿ ಒಂದೊಂದು ಪೈಪು ಇದ್ದರೆ ಹಗ್ಗ ಸುತ್ತಿಸಿ ಎಲ್ಲ ಲೇನೂ ಹಾಕಬಹುದು. ಒಂದು ಸುತ್ತಿನ ಓಟಕ್ಕೆ ಪ್ರತಿ ಲೇನಿನವರನ್ನು ಎಷ್ಟು ಮುಂದೆ ನಿಲ್ಲಿಸಬೇಕು ಅನ್ನುವುದರಲ್ಲಿ ಕ್ರೀಡಾಕೂಟದ ದಿನ ಯಾವಾಗಲೂ ಜಗಳ. ಒಳ ಅಂಚಿಗೆ ಕಟ್ಟೆ ಇಲ್ಲದೆ ಬರೀ ಗೆರೆಯ ಟ್ರ್ಯಾಕ್ ಆದರೆ ಲೆಕ್ಕ ಸರಳ. ಲೇನ್ ಅಗಲ 1.22 ಮೀಟರ್ ಇಟ್ಟರೆ ಒಂದೊಂದು ಲೇನ್ ಹೊರಗೆ ಹೋದಂತೆ 7.67 ಮೀಟರ್ ಮುಂದೆ, 1 ಮೀಟರ್ ಇಟ್ಟರೆ 6.28. ಟ್ರ್ಯಾಕು 200 ಮೀಟರಿನದಾದರೂ 400 ಮೀಟರಿನದಾದರೂ ಇದೇ ಅಂಕಿ, ಬದಲಾಗುವುದಿಲ್ಲ.

ಎಲ್ಲ ಪೈಪುಗಳೂ ಶಾಲೆ ಕಟ್ಟಡದ ಎರಡು ಮೂಲೆಯಿಂದ ಎಷ್ಟೆಷ್ಟು ದೂರ ಅಂತ ಅಳೆದು ಒಂದು ನಕ್ಷೆ ಬರೆಯಿರಿ. ಅದನ್ನು ಲ್ಯಾಮಿನೇಟ್ ಮಾಡಿಸಿ, ಒಂದು ಪ್ರತಿ ಪಿಟಿ ಮೇಷ್ಟ್ರಿಗೆ ಕೊಡಿ, ಇನ್ನೊಂದನ್ನು ಮುಖ್ಯೋಪಾಧ್ಯಾಯರ ಕೊಠಡಿಯ ಗೋಡೆಗೆ ಹಾಕಿಸಿ. ಮೇಷ್ಟ್ರು ವರ್ಗವಾಗಿ ಹೋಗುತ್ತಾರೆ, ಹೊಸಬರು ಬರುತ್ತಾರೆ. ಗೋಡೆಯ ಮೇಲಿನ ಪ್ರತಿ ಅಲ್ಲೇ ಇರುತ್ತದೆ.